ಸಮುದ್ರದ ಮೀನಿಗೆ ಸೆಕೆ

ಉಪ್ಪುನೀರಿನ ಅಕ್ವೇರಿಯಂಗೆ ಹಾಕುವ ಚಿಲ್ಲರ್ ಎಂದರೆ ನೀರನ್ನು ತಂಪು ಮಾಡುವ ಪುಟ್ಟ ಫ್ರಿಡ್ಜ್. ಕಂಪ್ರೆಸರ್, ಕಂಡೆನ್ಸರ್, ಫ್ಯಾನ್ ಎಲ್ಲವೂ ಫ್ರಿಡ್ಜಿನವೇ. ನೀರು ತಂಪಾಗುವ ಸುರುಳಿ ಮಾತ್ರ ಟೈಟಾನಿಯಂನದು. ತಾಮ್ರವನ್ನು ಉಪ್ಪುನೀರು ತಿನ್ನುತ್ತದೆ. ಕರಗಿದ ತಾಮ್ರ ಸಿಗಡಿಯನ್ನೂ ಹವಳವನ್ನೂ ಕೊಲ್ಲುತ್ತದೆ. ಟೈಟಾನಿಯಂ ಇವರಿಬ್ಬರನ್ನೂ ಬದುಕಿಸುತ್ತದೆ. ಅದರ ಬೆಲೆ ಕೇಳಿ ಬೆವರುವುದು ಕೊಳ್ಳುವವರ ಪಾಲಿಗೆ.

ಉಡುಪಿ ಬಳಿಯ ಕಲ್ಯಾಣಪುರದಲ್ಲಿ ಈ ಯಂತ್ರದ ಅಗತ್ಯವನ್ನು ಮನೆಯವರಿಗೆ ವಿವರಿಸುವುದು ಸುಲಭವಲ್ಲ. ಪಡುವಣಕ್ಕೆ ಹೋದರೆ ಹೂಡೆಯ ಕಡಲು, ತೆಂಕಣಕ್ಕೆ ಹೋದರೆ ಮಲ್ಪೆ ಬಂದರು, ಊರಿನ ಮಗ್ಗುಲಲ್ಲೇ ಸುವರ್ಣಾ ನದಿ. ಇಷ್ಟಿದ್ದೂ ಅಕ್ವೇರಿಯಂನ ಉಪ್ಪು ಅಂಗಡಿಯಿಂದ ಡಬ್ಬದಲ್ಲಿ ಬರುತ್ತದೆ. ಅದನ್ನು ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಕಲಸಬೇಕು. ಹೊಳೆಯ ನೀರಿಗೆ ಬೇಸಿಗೆಯಲ್ಲಿ ಭರತದೊಂದಿಗೆ ಉಪ್ಪೇರುತ್ತದೆ, ಆಟಿಯ ಮಳೆಯಲ್ಲಿ ಅದು ಬರೀ ಕೆಂಪು ನೀರು. ಆ ಚಂಚಲತೆಯನ್ನು ಹವಳ ಸಹಿಸದು. ಕಡಲು ಕಾಣುವಷ್ಟು ಹತ್ತಿರದಲ್ಲಿ ಉಪ್ಪನ್ನು ದುಡ್ಡು ಕೊಟ್ಟು ತಂದದ್ದನ್ನೇ ಮರೆಯದ ಮನೆಗೆ ಚಿಲ್ಲರ್ ಬಂದರೆ ಚಾವಡಿಯಲ್ಲಿ ಕುಳಿತ ಅಜ್ಜಿಯ ಪ್ರಶ್ನೆ ಒಂದೇ: "ಸತ್ತ ಬಂಗುಡೆಗೆ ಐಸ್ ಹಾಕುವುದು ಕಂಡದ್ದುಂಟು ಮಾರಾಯಾ, ಬದುಕಿದ ಮೀನಿಗೂ ಬೇಕಾ?"

ಬೇಕು. ಸಮುದ್ರಕ್ಕೆ ಆಳವಿದೆ, ಅಲೆಯಿದೆ, ಬಿಸಿಯಾದ ನೀರಿಗೆ ಸರಿದುಕೊಳ್ಳಲು ಜಾಗವಿದೆ. ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆಗೆ ಇದಾವುದೂ ಇಲ್ಲ. ಅದರ ಮೇಲೆ ಎಲ್‌ಇಡಿ ದೀಪ, ಒಳಗೆ ಅಲೆಯೆಬ್ಬಿಸುವ ವೇವ್‌ಮೇಕರ್, ಕೆಳಗೆ ಸಂಪಿನಲ್ಲಿ ರಿಟರ್ನ್ ಪಂಪು; ಇವು ಕುಡಿದ ಕರೆಂಟಿನ ಬಹುಪಾಲು ಕೊನೆಗೆ ನೀರಿನ ಬಿಸಿಯಾಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ, ಮೀನಿನ ಉಸಿರಾಟ ಮಾತ್ರ ಹೆಚ್ಚು. ಹವಳದ ಸ್ವಭಾವ ಇನ್ನೂ ಸೂಕ್ಷ್ಮ. ರೂಢಿಯಾದ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಅದು ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳುಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳ ದಿಬ್ಬಗಳಿಗೆ ಆದದ್ದು ಅದೇ. (ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲೂ ಹವಳವಿದೆ. ಅಲ್ಲಿಂದ ಒಂದು ತುಂಡು ತಂದು ಟ್ಯಾಂಕಿಗೆ ಹಾಕುವ ಆಸೆಯಿದ್ದವರು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯನ್ನು ಓದಿಕೊಳ್ಳುವುದು ಒಳ್ಳೆಯದು. ಕಲ್ಲುಹವಳ ಅಲ್ಲಿ ಹುಲಿಯ ಪಂಕ್ತಿಯಲ್ಲೇ ಕೂತಿದೆ.)

ಚಿಲ್ಲರಿನ ದಕ್ಷತೆ ಶುರುವಾಗುವುದು ಅಂಗಡಿಯಲ್ಲಲ್ಲ, ಅದರ ಗುಂಡಿಯ ಮೇಲೆ ಇಡುವ ಅಂಕಿಯಲ್ಲಿ. ಚಳಿದೇಶದವರು ಬರೆದ ಕೈಪಿಡಿಗಳು 25 ಡಿಗ್ರಿ ಎನ್ನುತ್ತವೆ. ಅಲ್ಲಿ ಚಳಿಗಾಲದಲ್ಲಿ ಟ್ಯಾಂಕಿಗೆ ಹೀಟರ್ ಹಾಕುವುದುಂಟು, ಆದ್ದರಿಂದ ಅದು ಅವರಿಗೆ ಲಾಭದ ಅಂಕಿ. ಏಪ್ರಿಲಿನಲ್ಲಿ ಕೋಣೆಯೇ 33 ಡಿಗ್ರಿ ಇರುವ ಕರಾವಳಿಯಲ್ಲಿ 27ಕ್ಕೆ ಇಟ್ಟರೆ ಕ್ಲೌನ್ ಮೀನಾಗಲಿ ಹೆಚ್ಚಿನ ಹವಳಗಳಾಗಲಿ ತಕರಾರು ಮಾಡವು. 27ರ ಬದಲು 25 ಇಟ್ಟವರ ಟ್ಯಾಂಕಿಗೆ ಕೋಣೆಯ ಗಾಳಿಯಿಂದ ನುಗ್ಗುವ ಬಿಸಿ ಮೂರನೇ ಒಂದು ಪಾಲು ಹೆಚ್ಚಾಗುತ್ತದೆ. ಅದನ್ನು ಹೊರಹಾಕುವ ಬಿಲ್ಲು ತಿಂಗಳ ಕೊನೆಗೆ ಬರುತ್ತದೆ.

ಚಿಲ್ಲರ್ ಬೇಡ, ಟ್ಯಾಂಕಿನ ಮೇಲೆ ಫ್ಯಾನ್ ಸಾಕು ಎನ್ನುವ ಜಿಪುಣರ ವಾದಕ್ಕೂ ಲೆಕ್ಕದ ಬೆಂಬಲವಿದೆ. ಒಂದು ಲೀಟರ್ ನೀರು ಆವಿಯಾದರೆ 400 ಲೀಟರಿನ ಟ್ಯಾಂಕ್ ಸುಮಾರು ಒಂದೂವರೆ ಡಿಗ್ರಿ ತಣಿಯಬೇಕು. ಘಟ್ಟದ ಮೇಲಿನ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಲ್ಯಾಣಪುರದ ಗಾಳಿ ಮಾತ್ರ ಮೊದಲೇ ನೀರು ಕುಡಿದು ಬಂದಿರುತ್ತದೆ. 33 ಡಿಗ್ರಿಯ, ಶೇಕಡ 70 ತೇವದ ಮಧ್ಯಾಹ್ನ ಎಷ್ಟೇ ಫ್ಯಾನ್ ಬೀಸಿದರೂ ನೀರು 28ಕ್ಕಿಂತ ಕೆಳಗಿಳಿಯದು. ಮಳೆಗಾಲದಲ್ಲಿ ಫ್ಯಾನ್ ಇನ್ನೂ ನಿಷ್ಪ್ರಯೋಜಕ. ಆಗ ಅದರ ಅಗತ್ಯವೂ ಕಡಿಮೆ ಎಂಬುದು ಪ್ರಕೃತಿಯ ದೊಡ್ಡತನ. ಫ್ರೀಜರಿನ ನೀರಿನ ಬಾಟಲಿ ತೇಲಿಬಿಡುವ ಪದ್ಧತಿಯೂ ಉಂಟು. ಲೀಟರಿನ ಒಂದು ಬಾಟಲಿ ಅಷ್ಟು ದೊಡ್ಡ ಟ್ಯಾಂಕನ್ನು ಇಳಿಸುವುದು ಕಾಲು ಡಿಗ್ರಿ. ನಾಲ್ಕು ಬಾಟಲಿ ಇಡುವಷ್ಟು ಜಾಗ ಫ್ರೀಜರಿನಲ್ಲಿ ಬೇಕೆಂದರೆ ಅಡುಗೆಮನೆಯ ಅನುಮತಿ ಬೇಕು, ಅದು ಸಿಗುವುದು ಸಂಶಯ.

ಇನ್ನು ಗಾತ್ರ. ಚಿಲ್ಲರಿನ ಮೈಮೇಲೆ ಬರೆದ ಎಚ್‌ಪಿ ಕಂಪ್ರೆಸರಿನ ಗಾತ್ರ ಹೇಳುತ್ತದೆ, ತಂಪಿನದ್ದಲ್ಲ. ನೋಡಬೇಕಾದದ್ದು ಎರಡು ಅಂಕಿ: ಎಷ್ಟು ವಾಟ್ ಬಿಸಿ ಎತ್ತುತ್ತದೆ, ಅದಕ್ಕೆ ಎಷ್ಟು ವಾಟ್ ಕರೆಂಟ್ ತಿನ್ನುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ದಕ್ಷತೆ. ಮನೆಯ ಫ್ರಿಡ್ಜಿಗೂ ಏಸಿಗೂ ಇರುವ ನಕ್ಷತ್ರದ ಚೀಟಿ ಅಕ್ವೇರಿಯಂ ಚಿಲ್ಲರಿಗೆ ಇಲ್ಲದ ಕಾರಣ ಈ ಭಾಗಾಕಾರವನ್ನು ಕೊಳ್ಳುವವರೇ ಮಾಡಬೇಕು. ಹೇಳಿಕೊಳ್ಳುವ ಅಂಕಿ ಎಷ್ಟು ಡಿಗ್ರಿ ಕೋಣೆಯಲ್ಲಿ ಅಳೆದದ್ದು ಎಂದೂ ಕೇಳಬೇಕು. ತಂಪು ಕೋಣೆಯಲ್ಲಿ ಎಲ್ಲ ಚಿಲ್ಲರೂ ಶೂರವೇ.

ಒಂದು ಟ್ಯಾಂಕಿನ ಲೆಕ್ಕ ಹಾಕಿ ನೋಡಬಹುದು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕಲ್ಲು ತುಂಬಿದ ಮೇಲೆ ಸಂಪೂ ಸೇರಿ 400 ಲೀಟರ್ ನೀರು. ದೀಪ 150 ವಾಟ್, ಪಂಪು 50, ವೇವ್‌ಮೇಕರ್ 30, ಗಾಜಿನ ಮೂಲಕ ಬರುವ ಸೆಕೆ ಅಂದಾಜು 110. ಒಟ್ಟು 340 ವಾಟ್. ಇದರ ಒಂದೂವರೆ, ಎರಡು ಪಟ್ಟು ಎತ್ತಬಲ್ಲ ಕಾಲು ಎಚ್‌ಪಿ ವರ್ಗದ ಯಂತ್ರ ಸಾಮಾನ್ಯವಾಗಿ ಸಾಕು. ದಕ್ಷತೆ ಎರಡಿದ್ದರೆ ಕಡು ಸೆಕೆಯ ದಿನಕ್ಕೂ ಸುಮಾರು ನಾಲ್ಕು ಯೂನಿಟ್ ಸಾಕು. ಚಿಕ್ಕದು ಕೊಂಡರೆ ಅದು ನಿಲ್ಲದೆ ಓಡಿ ಸುಸ್ತಾಗುತ್ತದೆ. ತೀರಾ ದೊಡ್ಡದು ಕೊಂಡರೆ ಪದೇಪದೇ ಹೊತ್ತಿ ಆರಿ ಕಂಪ್ರೆಸರ್ ಸವೆಯುತ್ತದೆ. ಕಂಪ್ರೆಸರೇ ಇಲ್ಲದ, ಅಗ್ಗದ ಪೆಲ್ಟಿಯರ್ ಚಿಲ್ಲರಿನ ದಕ್ಷತೆ ಒಂದನ್ನೂ ಮುಟ್ಟುವುದು ಕಷ್ಟ. ಒಂದು ಬಕೆಟ್ ಗಾತ್ರದ ಟ್ಯಾಂಕಿಗಾದರೆ ಆದೀತು. ಇಷ್ಟರ ಮೇಲೆ, ಹಳೆಯ ಪಂಪನ್ನು ತೆಗೆದು ಕಡಿಮೆ ವಾಟಿನ ಡಿಸಿ ಪಂಪು ಹಾಕಿದವರು ಎರಡು ಕಡೆ ಉಳಿಸುತ್ತಾರೆ, ಪಂಪಿನಲ್ಲೂ ಚಿಲ್ಲರಿನಲ್ಲೂ.

ಚಿಲ್ಲರ್ ಬಿಸಿಯನ್ನು ನಾಶ ಮಾಡುವುದಿಲ್ಲ, ನೀರಿನಿಂದ ತೆಗೆದು ಗಾಳಿಗೆ ಎಸೆಯುತ್ತದೆ, ತನ್ನ ಕರೆಂಟಿನ ಬಿಸಿಯನ್ನೂ ಸೇರಿಸಿ. ಚೆಂದ ಕಾಣಲೆಂದು ಅದನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಬಚ್ಚಿಟ್ಟರೆ ಎಸೆದದ್ದೆಲ್ಲ ತಿರುಗಿ ಬರುತ್ತದೆ. ಜಾಗ ಜಗಲಿಯದು, ನೆರಳಿನಲ್ಲಿ, ಗೋಡೆಯಿಂದ ಗೇಣು ದೂರ. ಅಲ್ಲಿ ಬರುವ ಒಣ ಬಿಸಿಗಾಳಿಗೆ ಹಪ್ಪಳ ಒಣಗಿಸಬಹುದೆಂದು ಮನೆಯವರಿಗೆ ಹೊಳೆಯುವುದು ಸಹಜ. ಆದರೆ ಹಪ್ಪಳಕ್ಕೆ ಬಿಸಿಲಿಲ್ಲದ ಜೂನ್ ತಿಂಗಳಲ್ಲಿ ಚಿಲ್ಲರ್ ಹೆಚ್ಚಿನ ಹೊತ್ತು ಮಲಗಿರುತ್ತದೆ.

ಹಾಲ್‌ಗೆ ಏಸಿ ಹೇಗೂ ಹಾಕಿಸುವವರಿದ್ದರೆ ಲೆಕ್ಕವೇ ಬೇರೆ. ಒಳ್ಳೆಯ ಇನ್ವರ್ಟರ್ ಏಸಿಯ ದಕ್ಷತೆ ಚಿಲ್ಲರಿನದ್ದಕ್ಕಿಂತ ಎಷ್ಟೋ ಮೇಲು, ಮೀನಿನೊಡನೆ ಅಜ್ಜಿಗೂ ತಂಪು. ಏಸಿ ಕೋಣೆಯೊಳಗೇ ಚಿಲ್ಲರನ್ನೂ ಇಟ್ಟು, ಒಂದೇ ಬಿಸಿಗೆ ಎರಡು ಸಲ ದುಡ್ಡು ಕಟ್ಟುವುದು ಶ್ರೀಮಂತಿಕೆಯ ಲಕ್ಷಣ.

ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದಾಗ ಇನ್ವರ್ಟರಿಗೆ ಚಿಲ್ಲರ್ ಕಟ್ಟಬಾರದು. ದೀಪ, ಪಂಪು ಆರಿದ ಮೇಲೆ ಆ 400 ಲೀಟರ್ ಒಂದು ಡಿಗ್ರಿ ಏರಲು ನಾಲ್ಕು ತಾಸು ಬೇಕು. ಆಮ್ಲಜನಕ ಅಷ್ಟು ಹೊತ್ತು ಕಾಯದು. ಆದ್ದರಿಂದ ಇನ್ವರ್ಟರಿನಲ್ಲಿ ವೇವ್‌ಮೇಕರ್ ಓಡಿದರೆ ಸಾಕು. ಕರೆಂಟ್ ಬಂದ ಮೇಲೂ ಕಂಪ್ರೆಸರಿಗೆ ಮೂರು ನಿಮಿಷ ಬಿಡುವು ಬೇಕು, ಸಂಜೆ ವೋಲ್ಟೇಜ್ ಕುಸಿಯುವ ಬೀದಿಯಲ್ಲಿ ಸ್ಟೆಬಿಲೈಸರೂ ಬೇಕು.

ಕೊನೆಯದು ರಿಪೇರಿ. ಕಡಲ ಗಾಳಿಯ ಉಪ್ಪು ಕಂಡೆನ್ಸರಿನ ರೆಕ್ಕೆಗಳನ್ನು ತಿನ್ನುತ್ತದೆ, ಧೂಳು ಅವನ್ನು ಮುಚ್ಚುತ್ತದೆ, ಇರುವೆ ರಿಲೇಯೊಳಗೆ ಸಂಸಾರ ಹೂಡುತ್ತದೆ. ತಿಂಗಳಿಗೊಮ್ಮೆ ಬ್ರಷ್ ಹಿಡಿದರೆ ಯಂತ್ರ ಹೊಸದರಂತೆ ಎಳೆಯುತ್ತದೆ. ಗ್ಯಾಸ್ ಆರ್-134ಎ ಆಗಿದ್ದರೆ ಸಂತೆಕಟ್ಟೆಯ ಫ್ರಿಡ್ಜ್ ಮೆಕ್ಯಾನಿಕ್‌ಗೂ ಅದು ಪರಿಚಿತ. ಆರ್-290 ಪ್ರೊಪೇನ್ ಆದ್ದರಿಂದ ಬೆಂಕಿ ಹಿಡಿಯುವಂಥದ್ದು, ಅದಕ್ಕೆ ಗೊತ್ತಿದ್ದವರೇ ಬೇಕು. ಹಾಗಾಗಿ ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಬೇಕಾದದ್ದು ವಾರಂಟಿ ಎಷ್ಟು ವರ್ಷವೆಂದು ಮಾತ್ರವಲ್ಲ, ಬಿಚ್ಚಲು ಉಡುಪಿಗೆ ಯಾರು ಬರುತ್ತಾರೆ ಎಂದೂ.