ಆರಾಮಾತು, ಜಾನಮಾಜ ಮಡಚ್ರಿ

ಕಂದಲಗಾಂವದಂಥ ಊರಲ್ಲಿ ಯಾರ ಮನೆಯಲ್ಲಿ ಏನು ತಾಪತ್ರಯ ನಡೆದಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಬೆಳಗಿನ ಫಜರ್ ನಮಾಜಿನ ಸಾಲು ನೋಡಿದರೆ ಸಾಕು. ಹೊಸ ಮುಖ ಕಂಡಿತೆಂದರೆ ಬೋರ್‌ವೆಲ್ ಬತ್ತಿದೆ, ಇಲ್ಲವೇ ಮಗಳ ಸಂಬಂಧ ಮುರಿದಿದೆ, ಇಲ್ಲವೇ ಮನೆಯಲ್ಲಿ ಯಾರಿಗೋ ‘ಗಾಳಿ’ ಆಗಿದೆ. ಎರಡು ತಿಂಗಳ ಮೇಲೆ ಆ ಮುಖ ಮಾಯವಾದರೆ ಕೆಟ್ಟದ್ದನ್ನು ಎಣಿಸಬೇಡಿ, ಬೋರ್‌ವೆಲ್ಲಿಗೆ ನೀರು ಬಂದಿರುತ್ತದೆ. ವರ್ಷವಿಡೀ ಮೊದಲ ಸಾಲಿನಲ್ಲೇ ಕಾಣುವ ನಾಲ್ಕು ಮುದುಕರ ಬಗ್ಗೆ ಮಾತ್ರ ಜನಕ್ಕೆ ಸಂಶಯ: ಇವರದೇನೋ ಭಾರೀ ಭಾನಗಡಿ ಇರಬೇಕು, ಇನ್ನೂ ಬಗೆಹರಿದಿಲ್ಲ.

ನಮ್ಮ ಕಾಕಾನನ್ನೇ ತೆಗೆದುಕೊಳ್ಳಿ. ಕಾಕಾ ಎಂದರೆ ಒಬ್ಬ ಮನುಷ್ಯನಲ್ಲ. ದಕ್ಷಿಣ ಸೋಲಾಪುರ, ಅಕ್ಕಲಕೋಟ ತಾಲೂಕುಗಳಲ್ಲಿ ಓಣಿಗೊಬ್ಬರಂತೆ ಸಿಗುತ್ತಾರೆ. ಮನೆಯಲ್ಲಿ ದಖನಿ, ಹೊಲದಲ್ಲಿ ಕನ್ನಡ, ತಲಾಠಿ ಎದುರು ಮರಾಠಿ. ಅರಬ್ಬಿ ಮಾತ್ರ ಕಷ್ಟಕಾಲಕ್ಕೆ. ಆ ಕಷ್ಟಕಾಲ ಬಂತು. ಹಿರಿಯ ಮಗ ರಾತ್ರಿ ನಿದ್ದೆಗೆಟ್ಟು ಗೋಡೆಯ ಜೊತೆ ಮಾತಾಡತೊಡಗಿದ. ಕಟ್ಟೆಯ ಮೇಲೆ ಕೂತಿದ್ದ ತಜ್ಞರು ಚಹಾ ಮುಗಿಯುವುದರೊಳಗೆ ‘ಗಾಳಿ’ ಎಂದು ತೀರ್ಪು ಕೊಟ್ಟರು. ಗುರುವಾರ ಹೈದ್ರಾದ ಖ್ವಾಜಾ ಸೈಫುಲ್ ಮುಲ್ಕ್ ದರ್ಗಾಕ್ಕೆ ಹೋಗಿಬಂದರು. ಆಮೇಲೆ ಕಲಬುರಗಿಯ ಬಂದೇನವಾಜರು, ಅಲ್ಲಿಂದ ಆಳಂದದ ಲಾಡ್ಲೆ ಮಶಾಯಕರು. ಮರಳುವಾಗ ದಾರಿಯಲ್ಲೇ ಇದೆಯಲ್ಲ ಎಂದು ಅಕ್ಕಲಕೋಟದ ಸ್ವಾಮಿ ಸಮರ್ಥರಿಗೂ ಒಂದು ಕಾಯಿ. ಇದನ್ನು ನಮ್ಮ ಸೀಮೆಯಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಹೈದ್ರಾದಲ್ಲಿ ಸಕ್ಕರಿ ಓದಿಸಲು ನಿಂತವರಲ್ಲಿ ಕುಂಕುಮದ ಹಣೆಗಳೂ ಇರುತ್ತವೆ, ಲೆಕ್ಕ ಸರಿಹೋಗುತ್ತದೆ.

ಕೊನೆಗೆ ಕಾಕಾ ಮುಟ್ಟಿದ್ದು ಗಾಳಿ ಬಿಡಿಸುವ ಒಬ್ಬ ಆಮಿಲರ ಬಾಗಿಲಿಗೆ. ಊರ ಹೆಸರು ಬೇಡ, ಹೇಳಿದರೆ ಇನ್ನಷ್ಟು ಗಿರಾಕಿ ಹೋಗುತ್ತಾರೆ. ಹೊರಗೆ ಟೋಕನ್, ಪ್ಲಾಸ್ಟಿಕ್ ಕುರ್ಚಿ. ಒಳಗೆ ಲೋಬಾನದ ಹೊಗೆ. ದಮ್ ಮಾಡಿಸುವ, ಅಂದರೆ ಓದಿ ಊದಿಸುವ ನೀರಿನ ಬಾಟ್ಲಿ ಎದುರಿನ ಅಂಗಡಿಯದೇ ಆಗಬೇಕು, ಅಂಗಡಿ ಆಮಿಲರ ಅಳಿಯನದು. ಆಮಿಲರು ಹುಡುಗನ ಮೈಯೊಳಗಿನ ಜಿನ್ನನ್ನು ಗದರಿಸಿ ಹೆಸರು ಕೇಳಿದರು, ಉತ್ತರ ದಖನಿಯಲ್ಲಿ ಬಂತು. ಊರು ಯಾವುದೆಂದರು, ಕನ್ನಡದಲ್ಲಿ ಬಂತು. ಯಾವಾಗ ಬಿಟ್ಟು ಹೋಗುತ್ತೀ ಎಂದರು, ಮರಾಠಿಯಲ್ಲಿ ‘ಉದ್ಯಾ’ ಎಂದಿತು. ನಾಳೆ ಬಾ ಎನ್ನಿಸಿಕೊಂಡೇ ಮುಪ್ಪಾದ ಕಾಕಾಗೆ ಆಗಲೇ ಖಾತ್ರಿಯಾಯಿತು, ಜಿನ್ನು ಮಹಾರಾಷ್ಟ್ರದ್ದೇ. ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಗಡಿ ತಕರಾರಿನ ಮಹಾಜನ ಆಯೋಗ 1967ರಲ್ಲೇ ಬರೆದುಕೊಟ್ಟಿತ್ತು. ಇಲ್ಲಿ ಜಿನ್ನುಗಳಿಗೂ ಇನ್ನೂ ರಾಜ್ಯ ಗೊತ್ತಾಗಿಲ್ಲ.

ಆಮಿಲರು ಕೊಟ್ಟ ಚೀಟಿಯಲ್ಲಿ ಎರಡು ಭಾಗ. ಮೇಲೆ ದುಡ್ಡಿನ ಬಾಬ್ತು: ತಾಯಿತ, ನೀರು, ಮನೆಯ ನಾಲ್ಕು ಮೂಲೆಗೆ ಬಡಿಯುವ ಬಂದಿಶ್ ಮೊಳೆ. ಕೆಳಗೆ ಪುಕ್ಕಟೆ ಬಾಬ್ತು: ಐದು ಹೊತ್ತು ನಮಾಜು, ಪ್ರತಿ ನಮಾಜಿನ ನಂತರ ಆಯತುಲ್ ಕುರ್ಸಿ, ಬೆಳಿಗ್ಗೆ ಸಂಜೆ ಮೂರು ಖುಲ್ ಸೂರಾಗಳು, ಮನೆಯಲ್ಲಿ ಸೂರಾ ಬಕರಾ. ಮೇಲಿನ ಭಾಗ ಅದೇ ದಿನ ಮುಗಿಯಿತು.

ಕೆಳಗಿನ ಭಾಗಕ್ಕಾಗಿ ಮನೆಯೇ ಬದಲಾಯಿತು. ಸೋಲಾಪುರದಿಂದ ಜಾನಮಾಜು ಎಂಬ ಹೊಸ ನಮಾಜಿನ ಚಾಪೆ, ಬೆರಳಿಗೆ ಹಾಕಿಕೊಳ್ಳುವ ಬ್ಯಾಟರಿ ತಸ್ಬೀ, ಫೋನಿನಲ್ಲಿ ಅಜಾನಿನ ಆ್ಯಪ್. ಬಕರಾ 286 ವಚನಗಳ ಸೂರಾ, ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದದ್ದು. ಅದನ್ನು ಓದುವ ಮನೆಯಿಂದ ಶೈತಾನ ಓಡುತ್ತಾನೆಂದು ಪ್ರವಾದಿಗಳ ಹದೀಸಿದೆ. ಓದುವವರು ಯಾರು? ಕಾಕಾಗೆ ಕಬ್ಬಿನ ಟೋಳಿಯ ಗಡಿಬಿಡಿ, ಕಾಕೂಗೆ ರೊಟ್ಟಿಯ ಗಡಿಬಿಡಿ. ಆ ಕೆಲಸವನ್ನು ಬ್ಲೂಟೂತ್ ಸ್ಪೀಕರಿಗೆ ವಹಿಸಿದರು. ಯೂಟ್ಯೂಬಿನಲ್ಲಿ ಖಾರಿ ಸಾಹೇಬರು ಎರಡು ತಾಸು ಓದುತ್ತಾರೆ, ನಡುನಡುವೆ ಜಾಹೀರಾತು. ‘ಆನ್‌ಲೈನ್ ರಮ್ಮಿ ಆಡಿ, ಲಕ್ಷ ಗೆಲ್ಲಿ’ ಎಂದು ಒಬ್ಬ ಕೂಗುವಾಗ ಕಾಕೂ ಹಿಟ್ಟಿನ ಕೈಯಲ್ಲೇ ಓಡಿಬಂದು ‘ಸ್ಕಿಪ್’ ಒತ್ತಬೇಕಾಗುತ್ತಿತ್ತು. ಬಾಗಿಲವರೆಗೆ ಓಡಿದ್ದ ಶೈತಾನ ಆ ಹೊತ್ತು ನೋಡಿ ಒಳಗೆ ಬಂದು ಕೂತು ಹೋಗುತ್ತಿದ್ದನೋ ಏನೋ, ಅಲ್ಲಾನೇ ಬಲ್ಲ.

ಏನೇ ಆಗಲಿ, ಹುಡುಗನಿಗೆ ನಿದ್ದೆ ಬಂತು. ಹೊಟ್ಟೆ ತುಂಬ ಊಟ ಮಾಡಿದ. ಟ್ರ್ಯಾಕ್ಟರ್ ಹತ್ತಿದ.

ಆಮೇಲೆ ನಡೆದದ್ದು ನೋಡುವಂಥದು. ಕಾಕಾ ಒಮ್ಮೆಲೇ ಏನನ್ನೂ ಬಿಡಲಿಲ್ಲ, ಅವರು ಅಷ್ಟು ಉದ್ಧಟರಲ್ಲ. ಮೊದಲು ಹೋದದ್ದು ಜಪದಂಥ ಜಿಕ್ರ್, ಅದು ಫರ್ಜ್ ಅಲ್ಲ, ಕಡ್ಡಾಯವಲ್ಲವಲ್ಲ. ನಂತರ ಸುನ್ನತ್ತುಗಳು, ಅವೂ ಫರ್ಜ್ ಅಲ್ಲ. ನಂತರ ಇಳಿಹೊತ್ತಿನ ಅಸರ್, ಆ ಹೊತ್ತಿಗೆ ಕಬ್ಬಿನ ಗಾಡಿ ತೂಕಕ್ಕೆ ನಿಂತಿರುತ್ತದೆ. ನಂತರ ರಾತ್ರಿಯ ಇಶಾ, ಆ ಹೊತ್ತಿಗೆ ಐಪಿಎಲ್ ಪವರ್ ಪ್ಲೇ. ಫಜರ್ ಸ್ವಲ್ಪ ಹಟ ಹಿಡಿಯಿತು, ಡಿಸೆಂಬರಿನ ಥಂಡಿಗೆ ಸೋತಿತು. ಸೋಲಾಪುರದ ಚಾದರ ಹೊದ್ದವರು ಬೇಗ ಏಳುವುದು ಕಷ್ಟವೇ, ಅದನ್ನು ಕಾಕಾನ ತಪ್ಪಿನ ಲೆಕ್ಕಕ್ಕೆ ಹಾಕಬಾರದು. ಕೊನೆಗೆ ಉಳಿದದ್ದು ಶುಕ್ರವಾರದ ಜುಮ್ಮಾ ಒಂದೇ. ಬ್ಯಾಟರಿ ತಸ್ಬೀ ಮೊಮ್ಮಗನ ಕೈಸೇರಿತು. ಅವನು ಅದರಲ್ಲಿ ದಿನಕ್ಕೆ ಸಾವಿರ ಒತ್ತುತ್ತಾನೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಎಣಿಕೆ ಅವನದೇ.

ಹುಡುಗರು ಕೇಳಿದರು, “ಕಾಕಾ, ಫಜರಿಗೆ ಕಾಣವಲ್ರಲ್ರೀ?”

“ಈಗ ಆರಾಮ ಐತಲ್ಲೋ ತಮ್ಮಾ.”

ಸಂಕಟ ಬಂದಾಗ ವೆಂಕಟರಮಣ ಎಂಬ ಗಾದೆಯನ್ನು ಅಕ್ಕಪಕ್ಕದ ಮನೆಯವರು ಕಾಕಾಗೆ ಸಾಲ ಕೊಡಬೇಕಾದ ಪ್ರಮೇಯವಿಲ್ಲ, ಕಾಕಾನ ಮನೆಯ ಗ್ರಂಥದಲ್ಲೇ ಇದಿದೆ. ಕುರ್‌ಆನಿನ ಯೂನುಸ್ ಸೂರಾದ 12ನೇ ವಚನ ಈ ಆಸಾಮಿಯ ಬಗ್ಗೆಯೇ: ತೊಂದರೆ ತಟ್ಟಿದಾಗ ಮಲಗಿದಲ್ಲಿ, ಕೂತಲ್ಲಿ, ನಿಂತಲ್ಲಿ ಕರೆಯುತ್ತಾನೆ, ತೊಂದರೆ ತೆಗೆದುಹಾಕಿದರೆ ಕರೆದೇ ಇರಲಿಲ್ಲವೆಂಬಂತೆ ಮುಂದೆ ಸಾಗುತ್ತಾನೆ. ಕಾಕಾ ಆ ವಚನವನ್ನು ದಮ್ ನೀರಿನ ಜೊತೆ ಹಲವು ಸಲ ಕುಡಿದಿರಬಹುದು. ಅರ್ಥ ಕೇಳಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಓದಿ ಊದುವುದಕ್ಕೆ ಆಧಾರವಾಗಿ ಆಮಿಲರು ಹೇಳುವ ಹದೀಸು ಬುಖಾರಿ ಸಂಗ್ರಹದಲ್ಲಿದೆ, ಸುಳ್ಳಲ್ಲ. ಪ್ರವಾದಿಗಳ ಸಂಗಡಿಗರು ಪ್ರಯಾಣದಲ್ಲಿದ್ದಾಗ ಒಂದು ಪಂಗಡದ ಮುಖ್ಯಸ್ಥನಿಗೆ ವಿಷಜಂತು ಕಡಿಯಿತು, ಅವರಲ್ಲೊಬ್ಬರು ಸೂರಾ ಫಾತಿಹಾ ಓದಿದರು, ಅವನಿಗೆ ಗುಣವಾಯಿತು, ಕುರಿಯ ಹಿಂಡು ಸಿಕ್ಕಿತು. ಕುರಿಯ ಭಾಗ ಆಮಿಲರಿಗೆ ಬಾಯಿಪಾಠ. ಬಿಟ್ಟುಹೋಗುವ ಭಾಗ ಬೇರೆ ಇದೆ. ಐದು ಹೊತ್ತಿನ ಫರ್ಜ್ ರಕಾತುಗಳು, ಅಂದರೆ ನಮಾಜಿನ ಆವರ್ತನಗಳು, ಎರಡು, ನಾಲ್ಕು, ನಾಲ್ಕು, ಮೂರು, ನಾಲ್ಕು: ಒಟ್ಟು 17. ಪ್ರತಿ ರಕಾತಿಗೂ ಅದೇ ಫಾತಿಹಾ. ಆಮಿಲರ ಮುಂದೆ ಟೋಕನ್ ಹಿಡಿದು, ಪಾಳಿ ಕಾದು, ನೋಟು ಇಟ್ಟು ಕಾಕಾ ಓದಿಸಿಕೊಂಡ ಏಳು ವಚನಗಳು ಓಣಿಯ ಮಸೀದಿಯಲ್ಲಿ ದಿನಕ್ಕೆ 17 ಸಲ ಧರ್ಮಾರ್ಥ ಸಿಗುತ್ತವೆ. ನಮ್ಮ ಕಡೆಯ ಹನಫಿ ಮಸೀದಿಗಳಲ್ಲಿ ಇಮಾಮರ ಹಿಂದೆ ನಿಂತರೆ ಬಾಯಿ ಆಡಿಸುವ ತ್ರಾಸವೂ ಇಲ್ಲ. ಇದಕ್ಕೆ ಗಿರಾಕಿ ಇಲ್ಲ. ದುಡ್ಡು ತಗೊಂಡರೆ ಮಾತ್ರ ಮದ್ದು ಹತ್ತುತ್ತದೆ ಎಂದು ನಂಬಿದ ಜನ ನಾವು.

ಈ ನಂಬಿಕೆಯ ಮೇಲೆಯೇ ಅಂಗಡಿ ನಡೆದಿದೆ. ಚೀಟಿಯ ಕೆಳಗಿನ ಭಾಗವನ್ನು ಕಾಕಾ ಪಾಲಿಸುತ್ತಲೇ ಇದ್ದರೆ ಆಮಿಲರಿಗೆ ನಷ್ಟ. ಬಿಟ್ಟರೆ ಮುಂದಿನ ಅಮಾವಾಸ್ಯೆಗೆ ಹಳೇ ಗಿರಾಕಿ ಗ್ಯಾರಂಟಿ. “ಬಂದಿಶ್ ಸಡಿಲಾಗೈತಿ, ವರ್ಷಕ್ಕೊಮ್ಮೆ ಮತ್ತ ಕಟ್ಟಿಸಬೇಕು” ಎನ್ನುತ್ತಾರೆ. ಸೊಸೆ ಮಾತು ಕೇಳಲು ಒಂದು ತಾಯಿತ, ಅಳಿಯ ಕುಡಿತ ಬಿಡಲು ಒಂದು, ಕಾರ್ಖಾನೆಯವರು ಕಬ್ಬಿನ ಬಿಲ್ ಕೊಡಲು ಇನ್ನೊಂದು. ಕೊನೆಯದು ಮಾತ್ರ ಇಲ್ಲಿವರೆಗೆ ಯಾರಿಗೂ ಹತ್ತಿಲ್ಲ. ಪ್ರವಾದಿಗಳ ಮಗಳು ಫಾತಿಮಾ ಬೀಸುವ ಕಲ್ಲಿನಿಂದ ಕೈ ಜಡ್ಡುಗಟ್ಟಿದೆ, ಆಳು ಬೇಕು ಎಂದು ಕೇಳಲು ಹೋದಾಗ ತಂದೆ ಕೊಟ್ಟದ್ದು ತಾಯಿತವಲ್ಲ. ಮಲಗುವ ಮುನ್ನ ಸುಬ್ಹಾನಲ್ಲಾ 33, ಅಲ್ಹಮ್ದುಲಿಲ್ಲಾ 33, ಅಲ್ಲಾಹು ಅಕ್ಬರ್ 34 ಎಂಬ ಉಪದೇಶ. ಇಂದು ಯಾವ ಆಮಿಲರಾದರೂ ಇಷ್ಟನ್ನೇ ಹೇಳಿ ಕಳಿಸಲಿ, ಗಿರಾಕಿ ಟೋಕನ್ ದುಡ್ಡು ವಾಪಸ್ ಕೇಳುತ್ತಾನೆ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಅವರನ್ನು ಪುಣೆಯಲ್ಲಿ 2013ರ ಆಗಸ್ಟ್ 20ರಂದು ಗುಂಡಿಕ್ಕಿ ಕೊಂದ ಮೇಲೆ ಅದೇ ವರ್ಷ ಮಹಾರಾಷ್ಟ್ರ ತನ್ನ ಮಾಟಮಂತ್ರ ವಿರೋಧಿ ಕಾಯ್ದೆ ತಂದಿತು; ಶಿಕ್ಷೆ ಆರು ತಿಂಗಳಿಂದ ಏಳು ವರ್ಷ. ಹಾವು, ಚೇಳು, ನಾಯಿ ಕಡಿದವರನ್ನು ಆಸ್ಪತ್ರೆಗೆ ಬಿಡದೆ ದಾರ ಮಂತ್ರಿಸುವುದು ಅದರಲ್ಲಿ ಅಪರಾಧ. ಪೂಜೆ ಪ್ರಾರ್ಥನೆಗೆ ಅಡ್ಡಿಯಿಲ್ಲ. ಕಾಕಾ ಫಾತಿಹಾ ಓದಿದರೆ ಪೊಲೀಸರು ಹಿಡಿಯುವುದಿಲ್ಲ, ಓದದಿದ್ದರೂ ಹಿಡಿಯುವುದಿಲ್ಲ. ಈ ಸವಲತ್ತಿನಲ್ಲಿ ಕಾಕಾ ಎರಡನೆಯದನ್ನು ಆರಿಸಿಕೊಂಡರು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಕಟ್ಟೆಯ ಮೇಲೆ ಯಾರೂ ಆಡದ ಒಂದು ಸಂಗತಿ ಉಳಿದಿದೆ: ಹುಡುಗನ ಅವ್ವ, ನಮ್ಮ ಕಾಕೂ, ಗಂಡನಿಗೆ ತಿಳಿಯದಂತೆ ಅವನನ್ನು ಸೋಲಾಪುರದ ಮನೋರೋಗ ವೈದ್ಯರ ಹತ್ತಿರ ಕರೆದೊಯ್ದಿದ್ದಳು. ದಮ್ ನೀರಿನ ಜೊತೆ ರಾತ್ರಿ ಒಂದು ಗುಳಿಗೆಯೂ ಹುಡುಗನ ಹೊಟ್ಟೆ ಸೇರುತ್ತಿತ್ತು. ಗುಣವಾದದ್ದರ ಯಶಸ್ಸು ನೀರಿಗೆ ಹೋಯಿತು. ಕಾಕಾ ಫಜರ್ ಬಿಟ್ಟ ತಿಂಗಳೇ ಹುಡುಗನೂ ಗುಳಿಗೆ ಬಿಟ್ಟ. ಅಪ್ಪನ ಮಾತನ್ನೇ ಮಗ ಆಡಿದ: ಈಗ ಆರಾಮ ಐತಲ್ಲ. ಮತ್ತೆ ಗೋಡೆಯ ಜೊತೆ ಮಾತು ಶುರುವಾದಾಗ ತಜ್ಞರು ಚಹಾ ತರಿಸಿ ಹೊಸ ತೀರ್ಪು ಕೊಟ್ಟರು: “ನಮಾಜ ಬಿಟ್ಟರಲ್ಲ, ಅದಕ್ಕs ತಿರಗಿ ಬಂತು.”

ಈ ತೀರ್ಪು ಮೊದಲಿನದಕ್ಕಿಂತ ಕೆಟ್ಟದ್ದು. ಬೇನೆ ಬಿದ್ದವನ ತಲೆಗೆ ಬೇನೆಯ ಜೊತೆ ಪಾಪದ ಗಂಟನ್ನೂ ಹೊರಿಸುವ ಈ ನ್ಯಾಯಾಧೀಶರಲ್ಲಿ ಎಷ್ಟು ಜನ ಫಜರಿಗೆ ಏಳುತ್ತಾರೆ ಎಂದು ಇಮಾಮರನ್ನು ಕೇಳಬೇಕು. ಅಲ್ಲಾ ಮದ್ದಿಲ್ಲದ ರೋಗವನ್ನು ಇಳಿಸಿಲ್ಲ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರು ಪ್ರವಾದಿಗಳೇ. ಗುಳಿಗೆ ನುಂಗಿದರೆ ಈಮಾನು ಕರಗುವುದಿಲ್ಲ. ದುವಾ ಒಂದೇ ಸಾಕು ಎಂದರೆ ಏನಾಗಬಹುದು ನೋಡಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಆಸುಪಾಸಿನ ಒಂದು ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಬೇರೆ ದಾರಿಯೂ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರೇ ರೋಗಿಗಳನ್ನು ಅಲ್ಲಿಯ ವೈದ್ಯರ ಕೋಣೆಗೆ ಕಳಿಸುವ ‘ದವಾ-ದುವಾ’ ಏರ್ಪಾಡು 2008ರ ಹೊತ್ತಿಗೆ ಶುರುವಾಯಿತು. ದುವಾ ಬಿಡು ಎಂದು ಅಲ್ಲಿ ಯಾರೂ ಅನ್ನಲಿಲ್ಲ. ನಮ್ಮ ಸೋಲಾಪುರ, ಕಲಬುರಗಿ ಸೀಮೆಯ ದರ್ಗಾ ಕಮಿಟಿಗಳು ಉರುಸಿನ ಲೈಟಿಂಗಿಗೆ ಕೂಡಿಸುವ ಪಟ್ಟಿಯಲ್ಲಿ ಇಂಥದ್ದೊಂದು ಕೋಣೆಗೂ ಕಾಲಂ ಹಾಕಲಿ.

ಕಾಕಾ ಮತ್ತೆ ಹೊರಟಿದ್ದಾರೆ. ಈ ಸಲ ಬೇರೆ ಆಮಿಲರು, ಬೇರೆ ಊರು, ಟೋಕನ್ ಆನ್‌ಲೈನಂತೆ. ನೀವೂ ಅದೇ ದಾರಿಯಲ್ಲಿದ್ದರೆ ಎರಡು ಮಾತು ಕೇಳಿ ಹೋಗಿ. ಡಾಕ್ಟರು ಬರೆದ ಗುಳಿಗೆಯನ್ನು ಡಾಕ್ಟರು ಬಿಡು ಎನ್ನುವವರೆಗೆ ಬಿಡಬೇಡಿ. ಯಾರನ್ನು ಕೇಳುವುದೋ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ 14416 ಇದೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಇನ್ನು, ಪ್ರವಾದಿಗಳು ರಾತ್ರಿ ಮಲಗುವಾಗ ಅಂಗೈಗೆ ಊದಿ ಮೈಗೆ ಸವರಿಕೊಳ್ಳುತ್ತಿದ್ದ ಆ ಮೂರು ಖುಲ್‌ಗಳಲ್ಲಿ ಇಖ್ಲಾಸಿನ ನಾಲ್ಕು, ಫಲಖಿನ ಐದು, ನಾಸಿನ ಆರು ಸೇರಿ 15 ವಚನಗಳಿವೆ, ಎರಡು ನಿಮಿಷವೂ ಬೇಕಾಗುವುದಿಲ್ಲ. ಇವತ್ತು ಆರಾಮಿದ್ದೀರಲ್ಲ, ಇವತ್ತೇ ಓದಿ ಮಲಗಿ.