ನಿಧಾನಪ್ಪನವರ ಡೆಕ್

ಸಿಯಾಟಲ್ ಆಗಲಿ, ಬೆಂಗಳೂರಾಗಲಿ, ‘ಮ್ಯಾಜಿಕ್: ದಿ ಗ್ಯಾದರಿಂಗ್’ ಕಾರ್ಡ್ ಆಟ ಆಡುವ ಕಡೆಯಲ್ಲೆಲ್ಲ ಮೂಲೆಯ ಮೇಜಿಗೊಬ್ಬ ನಿಧಾನಪ್ಪನವರು ಇದ್ದೇ ಇರುತ್ತಾರೆ. ಉಳಿದ ಮೇಜುಗಳಲ್ಲಿ ಮೂರೂ ಆಟ ಮುಗಿದು ಹುಡುಗರು ತಿಂಡಿಗೆ ಹೊರಟಿರುತ್ತಾರೆ. ಇವರ ಮೇಜಿನಲ್ಲಿ ಮೊದಲನೆಯ ಆಟಕ್ಕೆ ಈಗಷ್ಟೇ ಕಳೆ ಕಟ್ಟಿರುತ್ತದೆ. ಅದೂ ಇವರೊಬ್ಬರ ಮುಖದಲ್ಲಿ.

1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಈ ಆಟವನ್ನು ಹೊರತಂದಾಗ ಇಬ್ಬರು ಮಾಂತ್ರಿಕರು ಬಡಿದಾಡಿ, ಒಬ್ಬರ 20 ಜೀವವನ್ನು ಇನ್ನೊಬ್ಬರು ಕಳೆಯಲಿ ಎಂದುಕೊಂಡಿದ್ದಿರಬೇಕು. ನಿಧಾನಪ್ಪನವರಿಗೆ ಬಡಿದಾಟ ಆಗಿಬರುವುದಿಲ್ಲ. ತಾವು ಗೆಲ್ಲಬೇಕೆಂಬ ಆತುರವೂ ಇಲ್ಲ. ಎದುರಿನವನ ಒಂದು ಕೆಲಸವೂ ಆಗಬಾರದು, ಅಷ್ಟೇ. ಕಡತಕ್ಕೆ ಆಕ್ಷೇಪಣೆ ಬರೆದು ವಾಪಸ್ ಕಳಿಸುವ ಹಳೇ ಗುಮಾಸ್ತರಿಗೆ ಸಿಗುವ ಸುಖ ಇವರಿಗೆ ಎದುರಿನವನ ಮಂತ್ರ ತಡೆಯುವ ‘ಕೌಂಟರ್‌ಸ್ಪೆಲ್’ ಹಾಕುವಾಗ ಸಿಗುತ್ತದೆ.

ಡೆಕ್‌ಗೆ 60 ಕಾರ್ಡ್. ಮಂತ್ರಕ್ಕೆ ಬೇಕಾದ ಶಕ್ತಿ, ಅಂದರೆ ಮನಾ, ಕೊಡುವ 26 ಲ್ಯಾಂಡ್ ಮೊದಲೇ ಹೋಯಿತು. ಉಳಿದವುಗಳಲ್ಲಿ ತಡೆಯುವವು ಕೆಲವು, ಕೊಲ್ಲುವವು ಕೆಲವು, ಇವನ್ನು ಹುಡುಕಿ ಎಳೆಯುವವು ಕೆಲವು. ‘ರಾತ್ ಆಫ್ ಗಾಡ್’ ಅಂತೂ ಇರಲೇಬೇಕು. ನಾಲ್ಕು ಮನಾ ಕೊಟ್ಟರೆ ಮೇಜಿನ ಮೇಲಿನ ಕ್ರೀಚರ್‌ಗಳೆಲ್ಲ ನಿರ್ನಾಮ. ತಮ್ಮವೂ ಸಾಯುತ್ತವಲ್ಲ ಅನ್ನುತ್ತೀರಾ? ಇದ್ದರೆ ತಾನೇ!

“ಗೆಲ್ಲೋ ಕಾರ್ಡ್ ಎಲ್ಲಿ ಸಾರ್?” ಎಂದರೆ ಎರಡು ತೋರಿಸುತ್ತಾರೆ. ಮುಂದಿನ ವಾರ ಒಂದು. “ಎರಡು ಜಾಸ್ತಿ ಆಯ್ತಪ್ಪ.” ಇದಕ್ಕೆ ಗುರುಪರಂಪರೆಯ ಆಧಾರವೂ ಉಂಟು. 1990ರ ದಶಕದಲ್ಲಿ ಬ್ರಯಾನ್ ವೈಸ್‌ಮನ್ ಕಟ್ಟಿದ, ‘ದಿ ಡೆಕ್’ ಎಂದೇ ಹೆಸರಾದ ಡೆಕ್‌ನಲ್ಲಿ ಗೆಲುವಿನ ಭಾರವೆಲ್ಲ ಎರಡು ‘ಸೆರಾ ಏಂಜೆಲ್’ಗಳ ರೆಕ್ಕೆಯ ಮೇಲಿತ್ತು. 2018ರಲ್ಲಿ ‘ಟೆಫೆರಿ, ಹೀರೋ ಆಫ್ ಡೊಮಿನೇರಿಯಾ’ ಎಂಬ ಕಾರ್ಡ್ ಬಂದ ಮೇಲೆ ಆ ಭಾರವೂ ಇಳಿಯಿತು. ಟೆಫೆರಿ ತನ್ನನ್ನೇ ಮತ್ತೆ ಮತ್ತೆ ಕಟ್ಟಿನೊಳಗೆ ಸೇರಿಸಿಕೊಳ್ಳಬಲ್ಲ. ಹಾಗಾಗಿ ಇವರ ಕಟ್ಟು ಬರಿದಾಗುವುದಿಲ್ಲ. ಎದುರಾಳಿಯದು ಬರಿದಾಗುತ್ತದೆ. ಎಳೆಯಲು ಕಾರ್ಡ್ ಇಲ್ಲದವನು ಸೋತಂತೆ. ಏಟಿಲ್ಲ, ರಕ್ತವಿಲ್ಲ, ಬರೀ ಕಾಲಕ್ಷೇಪದಿಂದ ಜಯ!

ಆಡುವ ಶೈಲಿ ನೋಡಿ. ಹುಡುಗ ಗಾಬ್ಲಿನ್ ಒಂದನ್ನು ಇಳಿಸುತ್ತಾನೆ.

“ಒಂದ್ನಿಮಿಷ ಇರಪ್ಪ. ಕೈಯಲ್ಲಿ ಎಷ್ಟು ಕಾರ್ಡಿದೆ?”

“ಆಗ್ಲೇ ಹೇಳಿದ್ನಲ್ಲ ಸಾರ್, ನಾಲ್ಕು.”

“ಅದು ಆಗ. ಈಗ?”

“ಈಗ್ಲೂ ನಾಲ್ಕೇ.”

ನಿಧಾನಪ್ಪನವರು ರಹಸ್ಯವೇನೋ ಬಯಲಾದಂತೆ ತಲೆಯಾಡಿಸಿ, ಕೈಯಲ್ಲಿನ ಕಾರ್ಡುಗಳನ್ನು ಟಪಟಪ ಹಿಂದೆಮುಂದೆ ಮಾಡಿ, ಸೂರು ನೋಡಿ, ಕೊನೆಗೆ, “ಬರ್ಲಿ ಬಿಡು” ಅನ್ನುತ್ತಾರೆ. ಹುಡುಗ ಇದ್ದಬದ್ದ ಮನಾವನ್ನೆಲ್ಲ ಸುರಿದು ದೊಡ್ಡದೊಂದನ್ನು ತಂದಾಗ ಮಾತ್ರ ಯೋಚನೆಯೇ ಇಲ್ಲ. ಎರಡು ನೀಲಿ ಲ್ಯಾಂಡ್ ತಿರುಗಿಸಿ, ಎರಡನೇ ಸಲ ಬಡಿಸಲು ಬಂದವರಿಗೆ ಹೇಳುವ ದನಿಯಲ್ಲಿ, “ಅದು ಬೇಡ.”

ಪಂದ್ಯಕ್ಕೆ 50 ನಿಮಿಷ, ಆಮೇಲೆ ಐದು ಸರದಿ. ಮೂರರಲ್ಲಿ ಎರಡು ಗೆಲ್ಲಬೇಕೆಂಬುದು ಪುಸ್ತಕದ ಮಾತು. ನಿಧಾನಪ್ಪನವರು ಮೊದಲನೆಯದನ್ನು ಗೆಲ್ಲುವಷ್ಟರಲ್ಲಿ ಗಂಟೆ ಬಾರಿಸಲು ಹೊತ್ತಾಗಿರುತ್ತದೆ. 1–0, ಪಂದ್ಯ ಅವರದೇ. ಬೇಗ ಆಡಿ ಎಂದು ತೀರ್ಪುಗಾರರು ಎಚ್ಚರಿಸಿದರೆ, ಆ ಎಚ್ಚರಿಕೆಯನ್ನೂ ನಿಧಾನವಾಗಿ ಪರಿಶೀಲಿಸುತ್ತಾರೆ.

ದೇವರ ದಯೆಯಿಂದ ಒಮ್ಮೊಮ್ಮೆ ಇಬ್ಬರು ನಿಧಾನಪ್ಪನವರೇ ಎದುರುಬದುರಾಗುವುದುಂಟು. ಮೊದಲು ಕೈ ಹಾಕಿದವನು ಕೆಟ್ಟ ಎಂಬುದು ಇಬ್ಬರಿಗೂ ಗೊತ್ತು. “ನಿಮ್ಮ ಸರದಿ.” “ಇಲ್ಲ, ನಿಮ್ಮದೇ ಸಾರ್.” ಕೈಯಲ್ಲಿ ಏಳಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಸರದಿ ಮುಗಿದಾಗಲೆಲ್ಲ ಎಂಟನೆಯದನ್ನು ಭಕ್ತಿಯಿಂದ ಬಿಸಾಡುತ್ತಾರೆ. ಹೊತ್ತು ಮುಗಿಯಿತು, 0–0. ಇಬ್ಬರೂ ಎದ್ದು ಕೈ ಕುಲುಕಿದರು. “ಇಂಥ ಆಟ ಆಡಿ ಎಷ್ಟು ಕಾಲ ಆಗಿತ್ತು ಸಾರ್!”

ಹೊರಡುವ ಮುಂಚೆ ಇಬ್ಬರೂ ಡೆಕ್ ಬಿಚ್ಚಿ, ಉಳಿದಿದ್ದ ಆ ಒಂದೇ ಒಂದು ಗೆಲ್ಲುವ ಕಾರ್ಡನ್ನೂ ತೆಗೆದುಹಾಕಿದರು. ಆಟದುದ್ದಕ್ಕೂ ಅಡ್ಡಬಂದದ್ದು ಅದೊಂದೇ ಅಂತೆ.