ಸರಾಸರಿ ಸಾಹೇಬರಿಗೆ ಸಂಶಿಯಿಂದ ಒಂದು ಕಾಗದ

ಮಹಾರಾಜಶ್ರೀ ಸರಾಸರಿ ಸಾಹೇಬರ ಸನ್ನಿಧಿಗೆ,

ಮುಕ್ಕಾಂ ಸಂಶಿ, ತಾಲೂಕು ಕುಂದಗೋಳದಿಂದ ಸಾಷ್ಟಾಂಗ ನಮಸ್ಕಾರ್ರಿ. ಮೆಣಸಿನಕಾಯಿ ರೇಟ್ ಒಂದು ಬಿಟ್ರ ಈ ಕಡೆ ಎಲ್ಲಾ ಕ್ಷೇಮ.

ರಾಜ್ಯದ ಹಣಕಾಸು ವಲಯದಾಗ ಮಂದಿ ವಾರಕ್ಕ ಎಷ್ಟು ತಾಸು ದುಡೀತಾರ ಅಂತ ತಾವು ಲೆಕ್ಕಾ ಹಾಕ್ತೀರಂತ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯವರು ಆರಿಸಿದ ಮನಿಗಳಿಗೆ ಹೋಗಿ, ಹಿಂದಿನ ಏಳು ದಿನದಾಗ ಯಾವ ದಿನ ಎಷ್ಟು ತಾಸು ಅಂತ ಕೇಳಿ ಬರಕೋತಾರ. ಛಲೋ ಕೆಲಸ ಬಿಡ್ರಿ. ಆದ್ರ ನಮ್ಮೂರಿಗೆ ಬಂದ್ರ ಯಾರ್‍ನ ಕೇಳ್ತೀರಿ?

ಬ್ಯಾಂಕಿನವರ್‍ನ ಕೇಳಿದ್ರ ಅವರು ಶನಿವಾರದ ಕಥಿ ಹೇಳ್ತಾರ. 2015ರ ಸೆಪ್ಟೆಂಬರ್‌ನಿಂದ ಎರಡನೇದ್ದು, ನಾಲ್ಕನೇದ್ದು ಸೂಟಿ. ಉಳಿದ ಶನಿವಾರನೂ ಬೇಕು ಅಂತ ಯೂನಿಯನ್‌ನವರು ಹಟ ಹಿಡಿದ್ರು. 2024ರ ಮಾರ್ಚ್‌ದಾಗ ಬ್ಯಾಂಕುಗಳ ಸಂಘದ ಜೋಡಿ ಒಪ್ಪಂದ ಆತು: ಸೋಮವಾರದಿಂದ ಶುಕ್ರವಾರದತನಕ ದಿನಾ 40 ಮಿನಿಟು ಜಾಸ್ತಿ ದುಡೀರಿ, ಶನಿವಾರ ಮನ್ಯಾಗಿರ್‍ರಿ, ಆದ್ರ ಮೊದಲು ಸರ್ಕಾರ ಹೂಂ ಅನಬೇಕು. ಐದು ದಿನಕ್ಕ 200 ಮಿನಿಟು, ಅಂದ್ರ ಮೂರು ತಾಸು ಇಪ್ಪತ್ತು ಮಿನಿಟು. ಬಿಡೋದು ತಿಂಗಳಿಗೆ ಎರಡೋ ಮೂರೋ ಶನಿವಾರ, ವಾರಕ್ಕ ಹಿಡಿದ್ರ ಸುಮಾರು ಅರ್ಧಾ ದಿನ. ಕೂಡಿಸಿ ಕಳದು ನೋಡ್ರಿ ಸಾಹೇಬ್ರ, ತಾವು ಕುಂತ ಜಾಗಾದಿಂದ ಅಲುಗಂಗಿಲ್ಲ. ಇಷ್ಟಕ್ಕ ಎಷ್ಟು ಮೀಟಿಂಗು, ಎಷ್ಟು ಘೋಷಣೆ! ಎಲ್‌ಐಸಿಯವರು 2021ರಾಗನ ಐದು ದಿನದ ವಾರ ಗಿಟ್ಟಿಸಿಕೊಂಡು ಸುಮ್ಮನ ಕುಂತಾರ.

ಬ್ಯಾಂಕಿನವರ ಇನ್ನೊಂದು ಕಥಿ ಕೇಳ್ರಿ: ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್‌ನ 2025ರಾಗ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೋಡಿ ಸೇರಿಸಿ ಒಂದು ಮಾಡಿದ್ರಲ್ಲ, ಅದೂ ಮೇ 1ಕ್ಕ. ಕಾರ್ಮಿಕರ ದಿನಾಚರಣೆ ಹಿಂಗೂ ಮಾಡಬಹುದು ಅಂತ ನಮಗೆ ಅವತ್ತ ಗೊತ್ತಾತು.

ಇನ್ನ ತಾಸು ಏರಿಸೋ ದೊಡ್ಡವರು. 2023ರಾಗ ಇನ್ಫೋಸಿಸ್ ನಾರಾಯಣಮೂರ್ತಿಯವರು ಹರೇದ ಹುಡುಗ್ರು ವಾರಕ್ಕ 70 ತಾಸು ದುಡೀಬೇಕು ಅಂದ್ರು. ಅವರ ಮನಿಯವರು ಹುಟ್ಟಿದ್ದು ನಮ್ಮ ಮಗ್ಗಲದ ಶಿಗ್ಗಾಂವಿ, ಹಂಗಾಗಿ ಅಳಿಯಂದ್ರ ಮಾತು ಅಂತ ತಲಿ ಹಾಕಿದ್ವಿ. 2025ರ ಜನವರಿಯಾಗ ಎಲ್ ಆಂಡ್ ಟಿ ಸುಬ್ರಹ್ಮಣ್ಯನ್ ಅವರು ಲಿಲಾವಿನಾಗ ಕೂಗಿದಂಗ 90 ಅಂದ್ರು. ಇಬ್ಬರಿಗೂ ಹೇಳ್ರಿ: ವಾರಕ್ಕ ಇರೋದು 168 ತಾಸು, ಅಷ್ಟೂ ತಾಸು ದುಡಿಯಾಂವ ನಮ್ಮೂರಾಗ ಒಬ್ಬನ ಅದಾನ, ಬಡ್ಡಿ. ಅವಗ ಎರಡನೇ ಶನಿವಾರ ಇಲ್ಲ, ದೀಪಾವಳಿ ಇಲ್ಲ, ಸರ್ವರ್ ಡೌನ್ ಇಲ್ಲ. ಸಮೀಕ್ಷೆಯವರು ಅವನ ಹೆಸರು ಯಾಕ ಬರಕೊಳ್ಳಲಿಲ್ಲೋ!

ಇನ್ನೂ ಭಾಳ ಮಂದಿ ಬಿಟ್ಟು ಹೋಗ್ಯಾರ್‍ರಿ. ಸ್ವಸಹಾಯ ಸಂಘದ ಅಕ್ಕಂದ್ರು ರಾತ್ರಿ ರೊಟ್ಟಿ ಬಡದು, ಭಾಂಡೆ ತೊಳದು, ಆಮ್ಯಾಲ ಕುಂತು ಉಳಿತಾಯ ಎಣಿಸಿ ವಹಿ ಬರೀತಾರ. ಗೃಹಲಕ್ಷ್ಮಿಯ ಎರಡು ಸಾವಿರ ಬಂದೈತಂತ ಸುದ್ದಿ ಹಬ್ಬಿದ ದಿನ ಬ್ಯಾಂಕ್ ಮಿತ್ರನ ಸಣ್ಣ ಮಷೀನಿನ ಮುಂದ ಬಂದು ನೋಡ್ರಿ. ಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಅಜ್ಜಿ ಹೆಬ್ಬೆಟ್ಟಿನ ಗೆರಿ ಸವದಾವ. ಮಷೀನು ಒಲ್ಲೆ ಅಂತೈತಿ. ಸೀರಿ ಸೆರಗಿಗೆ ಒರಸು ಅಂತಾನ, ಒರಸ್ತಾಳ. ಎಣ್ಣಿ ಹಚ್ಚು ಅಂತಾನ, ಹಚ್ಚತಾಳ. ಇನ್ನೊಂದು ಬೆರಳ ಇಡವಾ ಅಂತಾನ. ಹತ್ತೂ ಬೆರಳು ಮುಗಿಯೋದರಾಗ ಮಧ್ಯಾಹ್ನ ಆಗಿರತೈತಿ, ಅವತ್ತಿನ ಕೂಲಿ ಹೋಗಿರತೈತಿ. ಆ ಅರ್ಧಾ ದಿನ ಯಾವ ವಲಯದ್ದು ಸಾಹೇಬ್ರ? ಹಣಕಾಸಿಂದೋ, ಒಕ್ಕಲುತನದ್ದೋ? ಬೆಳೆಸಾಲ ಹಳೇದು ತೀರಿಸಿ ಹೊಸಾದು ಮಾಡಿಸಾಕ ಪಾಳಿ ಹಚ್ಚಿದ ನಮ್ಮ ತಾಸೂ ಎಲ್ಲೂ ಜಮಾ ಆಗಿಲ್ಲ. ದೇಶದ ಮೊದಮೊದಲ ಕೃಷಿ ಪತ್ತಿನ ಸೊಸೈಟಿಗಳಾಗ ಒಂದನ್ನ 1905ರಾಗ ಇಲ್ಲೇ ಕಣಗಿನಹಾಳದಾಗ ಕಟ್ಟಿದ ಸಿದ್ದನಗೌಡ್ರು ಇಂಥಾ ಪಾಳಿ ಕನಸಿನ್ಯಾಗೂ ಕಂಡಿರಲಿಕ್ಕಿಲ್ಲ.

ಬ್ಯಾಂಕಿನವರಿಗೂ ಸುಖಾ ಇಲ್ಲ ಬಿಡ್ರಿ. ಬಾಗಿಲಾ ಹಾಕಿದ್ರು ಅಂತ ನಾವು ಬೈತೀವಿ, ಅರ್ಧಾ ಇಳಿಸಿದ ಶಟರ್ ಕೆಳಗ ಬಗ್ಗಿ ನೋಡಿದ್ರ ಕತ್ತಲಾದ ಮ್ಯಾಲೂ ಒಳಗ ಲೈಟು ಉರೀತಿರತೈತಿ. ವಿಮಾ ಮಾರೋ ಟಾರ್ಗೆಟ್ ಮುಗಿಯದ ಅವರು ಏಳಂಗಿಲ್ಲ. ಅದನ್ನೂ ಬರಕೊಳ್ರಿ.

ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಹತ್ತಿ ಒಮ್ಮೆ ನಮ್ಮ ಸ್ಟೇಷನ್ನಿಗೆ ಇಳೀರಿ.

ಇಂತಿ ತಮ್ಮ,
ಪಾಳ್ಯಾಗಿನ ಹಿಂದಿನವ

ತಾ.ಕ.: ಬರೂವಾಗ ಆಧಾರ್, ಎರಡು ಫೋಟೋ, ಪಾಸ್‌ಬುಕ್ಕಿನ ಝೆರಾಕ್ಸ್ ತರ್‍ರಿ. ಕೆವೈಸಿ ಆಗದ ತಾವು ಅದೀರಿ ಅಂತ ಇಲ್ಲಿ ಯಾರೂ ನಂಬಂಗಿಲ್ಲ.